ಮೇಷ್ಟ್ರು ಹೊಗಳಿದ ಸೇತುವೆ

ಎಲ್ವುಡ್ ಟ್ರಿಂಬಲ್ ಮೇಷ್ಟ್ರು ಸೇತುವೆಯನ್ನು ಹೊಗಳಬಾರದಿತ್ತು. ಹೊಗಳಲೇಬೇಕು ಅನ್ನಿಸಿದ್ದರೆ ಮನೆಯೊಳಗೆ ಹೆಂಡತಿಯ ಮುಂದೆ ಹೊಗಳಿ ಸುಮ್ಮನಿರಬೇಕಿತ್ತು. ಅವರು ಪೇಪರಿನಲ್ಲಿ ಹೊಗಳಿದರು. ಎಲ್ಲ ಎಡವಟ್ಟೂ ಅಲ್ಲಿಂದಲೇ ಶುರುವಾಯಿತು.

ಕ್ರೇಫಿಶ್ ಹಳ್ಳದ ಮೇಲಿನ ಆ ಸೇತುವೆ ಪೂರ್ತಿ ಮರದ್ದು. ಮೇಲೆ ಚಾವಣಿ, ಎರಡೂ ಬದಿಗೆ ಹಲಗೆಯ ಗೋಡೆ. ಒಳಗೆ ಹೊಕ್ಕರೆ ಬಿರುಬೇಸಿಗೆಯಲ್ಲೂ ತಂಪು. ಮೇಷ್ಟ್ರ ತಾತ ಅದಕ್ಕೆ ತೊಲೆ ಕಡಿದು ಕೊಟ್ಟಿದ್ದರು. ಮೇಷ್ಟ್ರು ಹೆಂಡತಿ ಡೋರಿನಳನ್ನು ಮದುವೆಗೆ ಕೇಳಿದ್ದೂ ಅದರೊಳಗೇ. ಹಳ್ಳದ ಈಚೆ ದಡದಲ್ಲಿ ಡನ್ಮೋರ್ ಊರು, ಆಚೆ ದಡದಲ್ಲಿ ಮೇಷ್ಟ್ರದ್ದೂ ಸೇರಿ ನಾಲ್ಕಾರು ಮನೆಗಳು. ಸೇತುವೆ ಇಲ್ಲದಿದ್ದರೆ ಹೆದ್ದಾರಿ ಹಿಡಿದು ಅರ್ಧ ಜಿಲ್ಲೆ ಸುತ್ತಿ ಬರಬೇಕು. ಮರದ್ದನ್ನು ಕೆಡವಿ ಕಾಂಕ್ರೀಟಿನದು ಕಟ್ಟಿಕೊಳ್ಳಿ ಎಂದು ರಾಜ್ಯದವರು ಊರ ಮಂಡಳಿಗೆ ದುಡ್ಡು ಮಂಜೂರು ಮಾಡಿದ್ದರು. ಕೆಡವಿದರೆ ಕೆಡವಲಿ, ಬಿಟ್ಟರೆ ಬಿಡಲಿ ಎಂದು ಊರಿನವರು ತಮ್ಮ ಪಾಡಿಗೆ ತಾವಿದ್ದರು.

ಮೇಷ್ಟ್ರು ತಮ್ಮ ಪಾಡಿಗೆ ತಾವಿರುವ ಜಾತಿಯಲ್ಲ. ಹೈಸ್ಕೂಲಿನಲ್ಲಿ ಪೌರನೀತಿ ಹೇಳಿಕೊಟ್ಟು ರಿಟೈರಾದವರು, ಊರಿನಲ್ಲಿ ಬೆರಳೆಣಿಕೆಯಷ್ಟಿರುವ ಲಿಬರಲ್ಲುಗಳ ಪೈಕಿ ಹಿರಿಯರು. ಅವರು ಪೇಪರಿಗೆ ಬರೆದದ್ದು ಹೀಗೆ: "ನಮ್ಮ ಕನ್ಸರ್ವೇಟಿವ್ ಬಂಧುಗಳೇ, ನಿಮ್ಮ ಅಪ್ಪಂದಿರನ್ನು ನಾನು ಬಲ್ಲೆ. ಅವರಿಗೂ ನನಗೂ ಒಂದು ಮಾತಿಗೂ ಹೊಂದುತ್ತಿರಲಿಲ್ಲ. ಆದರೆ ಅವರು ಬೇಲಿ ಸರಿ ಇಟ್ಟುಕೊಂಡಿದ್ದರು, ಸಾಲಕ್ಕೆ ಹೆದರುತ್ತಿದ್ದರು, ಜೋರಾಗಿ ಕೂಗುವವನನ್ನು ಕಂಡರೆ ದೂರ ಸರಿಯುತ್ತಿದ್ದರು. ನೀವು ಕೂಗುವವನನ್ನೇ ಹುಡುಕಿಕೊಂಡು ಹೋಗುತ್ತೀರಿ. ಹಳೆಯದನ್ನು ಉಳಿಸುವವರು ಎಂದು ಹೇಳಿಕೊಂಡು ನೀವು ಉಳಿಸಿಕೊಂಡಿರುವುದು ಸಿಟ್ಟೊಂದನ್ನೇ. ಬೇರೇನಾದರೂ ಉಳಿಸಿ. ಈ ಸುಂದರ ಸೇತುವೆಯಿಂದಲೇ ಶುರು ಮಾಡಿ."

ವಾರ ಕಳೆಯುವಷ್ಟರಲ್ಲಿ ಮನೆಮನೆಯ ಹುಲ್ಲುಹಾಸಿನಲ್ಲೂ 'ಸೇತುವೆ ಕೆಡವಿ' ಎಂಬ ಬೋರ್ಡು ಎದ್ದಿತು. ಮಂಡಳಿಯ ಸಭೆ ಇವತ್ತು ಸಂಜೆ.

"ಇಷ್ಟು ವರ್ಷ ಅದರ ತಂಟೆಗೆ ಯಾರೂ ಹೋಗಿರಲಿಲ್ಲ," ಎಂದಳು ಡೋರಿನ್, ತವೆಯ ಮೇಲಿನ ಮೊಟ್ಟೆ ಮಗುಚುತ್ತ. "ನೀನು ಒಂದೇ ಒಂದು ಸಲ ಹೊಗಳಿದೆ ನೋಡು, ಮುಗೀತು ಅದರ ಕತೆ."

"ನಾನು ಬರೆದಿದ್ರಲ್ಲಿ ತಪ್ಪೇನಿದೆ?"

"ತಪ್ಪಿಲ್ಲ. ಅದೇ ತೊಂದರೆ. ಹೋದ ವರ್ಷ ಊರಿನ ಈಜುಕೊಳ ಚೆನ್ನಾಗಿದೆ ಅಂದೆ, ಮುಚ್ಚಿಸಿದ್ರು. ಲೈಬ್ರರಿ ಭಾನುವಾರವೂ ತೆಗೆದಿರಲಿ ಅಂದೆ, ಶನಿವಾರವೂ ಬೀಗ ಬಿತ್ತು. ಎಲ್ವುಡ್, ನಿನಗೆ ಕೈ ಮುಗೀತೀನಿ, ಉಸಿರಾಡೋದು ಒಳ್ಳೇದು ಅಂತ ಮಾತ್ರ ಎಲ್ಲೂ ಬರೀಬೇಡ. ಊರಿಗೆ ಊರೇ ಮೂಗು ಹಿಡ್ಕೊಂಡು ಸಾಯುತ್ತೆ."

ಮೇಷ್ಟ್ರು ಬಾಯಿಗಿಟ್ಟ ಬ್ರೆಡ್ಡನ್ನು ಅಗಿಯುವುದನ್ನೇ ಮರೆತರು. ಹೊಗಳಿದರೆ ಕೆಡವುತ್ತಾರೆ. ಹಾಗಾದರೆ ಬೈದರೆ? ಇಷ್ಟು ಸುಲಭದ ಉಪಾಯ ಇಷ್ಟು ದಿನ ಹೊಳೆಯಲಿಲ್ಲವಲ್ಲ ಎಂದು ತಮ್ಮನ್ನು ತಾವೇ ಶಪಿಸಿಕೊಂಡು, ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದರು.

ಪಕ್ಕದ ಮನೆಯ ಲಾಯ್ಡ್ ಕ್ರೌಡರ್ ಹುಲ್ಲು ಕತ್ತರಿಸುವ ಗಾಡಿಯ ಮೇಲೆ ಕೂತು ಅಂಗಳ ಸುತ್ತುತ್ತಿದ್ದ. ಮೇಷ್ಟ್ರ ಹಳೆಯ ಶಿಷ್ಯ, ಈಗ ಊರ ಮಂಡಳಿಯ ಅಧ್ಯಕ್ಷ. ಇಬ್ಬರೂ ಅದೇ ಸೇತುವೆಯ ಕಿಂಡಿಯಿಂದ ಎಷ್ಟೋ ಸಂಜೆ ಜೊತೆಯಲ್ಲಿ ಗಾಳ ಹಾಕಿದವರು.

"ಲಾಯ್ಡ್, ನಿಜ ಹೇಳು. ಆ ಸೇತುವೆ ಕಂಡ್ರೆ ನಿಂಗ್ಯಾಕೆ ಸಿಟ್ಟು?"

ಲಾಯ್ಡ್ ಗಾಡಿ ನಿಲ್ಲಿಸಿದ. "ಸಿಟ್ಟೇನೂ ಇಲ್ಲ ಮೇಷ್ಟ್ರೇ. ನಾನು ಮೊದಲು ಒಂದು ಹುಡುಗಿಗೆ ಮುತ್ತು ಕೊಟ್ಟಿದ್ದೇ ಅದರೊಳಗೆ. ಆದ್ರೆ ಅದು ನಿಮಗೆ ಇಷ್ಟ ಅಂತ ಗೊತ್ತಾದ ಮೇಲೆ ಯಾಕೋ ಮನಸ್ಸಿಗೆ ಒಗ್ಗುತ್ತಾ ಇಲ್ಲ."

"ನಾನೂ ಯೋಚನೆ ಮಾಡಿದೆ ಕಣೋ. ನೀನು ಹೇಳಿದ್ದೇ ಸರಿ. ಕೆಡವಿಬಿಡಿ."

ಲಾಯ್ಡ್ ಟೋಪಿ ಹಿಂದಕ್ಕೆ ಸರಿಸಿ ಮೇಷ್ಟ್ರನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಏನಾಯ್ತು ನಿಮಗೆ?"

"ನಂಗೇನಾಗಿಲ್ಲ. ಒಬ್ಬ ದೊಡ್ಡ ಇಂಜಿನಿಯರು ಹೇಳ್ದ, ಅದು ಗಟ್ಟಿ ಇಲ್ಲವಂತೆ." ಜೀವಮಾನವಿಡೀ ಮಕ್ಕಳಿಗೆ ಸತ್ಯ ಹೇಳಿಕೊಟ್ಟ ಬಾಯಿಗೆ ಸುಳ್ಳು ಇಷ್ಟು ಸಲೀಸಾಗಿ ಬರುತ್ತದೆ ಎಂದು ಅವರಿಗೇ ಗೊತ್ತಿರಲಿಲ್ಲ.

"ಯಾವ ಇಂಜಿನಿಯರು?"

"ಸರ್ಕಾರದವನು. ಯೂನಿವರ್ಸಿಟಿಯಲ್ಲಿ ಪಾಠವನ್ನೂ ಮಾಡ್ತಾನೆ."

"ಯೂನಿವರ್ಸಿಟಿಯವನಾ?" ಲಾಯ್ಡನ ಕಿವಿ ಕೆಂಪಾಯಿತು. "ನಮ್ಮ ಮುತ್ತಜ್ಜಂದಿರು ಕಟ್ಟಿದ್ದನ್ನ ಗಟ್ಟಿ ಇಲ್ಲ ಅನ್ನೋಕೆ ಅವನ್ಯಾರು? ಯಾವತ್ತಾದ್ರೂ ಒಂದು ಮೊಳೆ ಹೊಡೆದಿದಾನಾ?"

"ವಿಜ್ಞಾನ ಕಣೋ. ನಾವು ಕೇಳ್ಬೇಕು," ಎಂದು ಮೇಷ್ಟ್ರು ಆದಷ್ಟು ಮುಗ್ಧವಾಗಿ ಹೇಳಿ ಸೇತುವೆಯ ಕಡೆ ನಡೆದರು. ಹಿಂದಿನಿಂದ ಕಟಕ್ಕೆಂದು ಸದ್ದಾಯಿತು. ತಿರುಗಿ ನೋಡಿದರೆ ಲಾಯ್ಡ್ ತನ್ನ ಅಂಗಳದ ಬೋರ್ಡನ್ನು ಕಿತ್ತು ಮೊಣಕಾಲಿಗೆ ಹಾಕಿ ಮುರಿಯುತ್ತಿದ್ದ.

ಮಧ್ಯಾಹ್ನ ಮೇಷ್ಟ್ರು ಮಾರ್ಲೀನಳ ಹೋಟೆಲಿಗೆ ಕಾಲಿಡುವ ಮೊದಲೇ ಸುದ್ದಿ ಅಲ್ಲಿಗೆ ಬಂದು ಊಟಕ್ಕೆ ಕೂತಿತ್ತು. ಒಬ್ಬ ಇಂಜಿನಿಯರು ಅಷ್ಟರಲ್ಲಿ ಒಂದು ತಂಡವಾಗಿದ್ದ. ತಂಡ ಯುರೋಪಿನಿಂದ ಬಂದಿತ್ತು.

"ನಮ್ಮ ಸೇತುವೆ ಕೆಡವೋಕೆ ಫ್ರಾನ್ಸಿನವರು ಬರ್ತಾರಂತೆ," ಎಂದ ಗಸ್ ಲೆಂಡರ್ಮನ್, ಜೋಳದ ಹೊಲದ ಮುದುಕ. ನಿನ್ನೆಯವರೆಗೂ ಅವನು ಅದನ್ನು ಸೌದೆ ರಾಶಿ ಎಂದೇ ಕರೆಯುತ್ತಿದ್ದ. "ನನ್ನ ಹೆಣದ ಮೇಲೆ ಕೆಡವಲಿ."

ಮೇಷ್ಟ್ರಿಗೆ ಒಳಗೊಳಗೇ ಕಚಗುಳಿ ಇಟ್ಟಂತಾಯಿತು. ಅಲ್ಲಿಗೇ ನಿಲ್ಲಿಸಿದ್ದರೆ ಆಗುತ್ತಿತ್ತು. ಆದರೆ ಇಡೀ ಊರು ತಮ್ಮ ಮಾತಿಗೆ ಕಿವಿ ನಿಮಿರಿಸಿ ಕೂತಿದ್ದು ಅವರ ಬದುಕಿನಲ್ಲೇ ಅದು ಮೊದಲು. "ಕೆಡವಿ ಆದ ಮೇಲೆ ಅಲ್ಲೊಂದು ಸೈಕಲ್ ದಾರಿ ಮಾಡ್ತಾರೆ," ಎಂದರು.

ಗಸ್ ಚಮಚವನ್ನು ತಟ್ಟೆಗೆ ಕುಕ್ಕಿದ.

"ಸೈಕಲ್ಲಾ?" ಎಂದಳು ಮಾರ್ಲೀನ್. ಮೇಷ್ಟ್ರ ಮುಂದೆ ಆಗತಾನೇ ಇಟ್ಟಿದ್ದ ಸೇಬಿನ ಪೈಯನ್ನು ತಟ್ಟೆ ಸಮೇತ ವಾಪಸು ತಗೊಂಡಳು. "ನಿಮಗೆ ಇಲ್ಲಿ ಪೈ ಇಲ್ಲ ಮೇಷ್ಟ್ರೇ. ನಮ್ಮ ಪರಂಪರೆ ಅಳಿಸೋರಿಗೆ ನನ್ನ ಹೋಟೆಲಲ್ಲಿ ಕಾಫಿಯೂ ಇಲ್ಲ."

"ಅಲ್ಲಮ್ಮಾ, ಹೋದ ವಾರ ನೀನೇ ಬೋರ್ಡು ಹಾಕಿದ್ದೆಯಲ್ಲ?"

"ನಾನಾ? ನಾನು ಯಾವಾಗಲೂ ಸೇತುವೆ ಪರ. ಬೇಕಾದ್ರೆ ಗಸ್‌ನ ಕೇಳಿ."

"ಅವಳು ಯಾವಾಗಲೂ ಪರ," ಎಂದ ಗಸ್. "ನಾವೆಲ್ಲಾ ಯಾವಾಗಲೂ ಪರ."

ಮೇಷ್ಟ್ರು ಹಸಿದ ಹೊಟ್ಟೆಯಲ್ಲಿ, ತುಂಬಿದ ಮನಸ್ಸಿನಲ್ಲಿ ಹೊರಬಂದರು. ಸಂಜೆಯ ಹೊತ್ತಿಗೆ ಸೇತುವೆಯ ಎರಡೂ ಬಾಯಿಗೆ ಬಾವುಟ ಕಟ್ಟಿದ್ದರು. 'ಸ್ವಾತಂತ್ರ್ಯ ಸೇತುವೆ' ಎಂಬ ಬ್ಯಾನರು ಬಂದಿತ್ತು. ಅದರ ಚಿತ್ರವಿರುವ ಟೋಪಿಗಳನ್ನೂ ಯಾರೋ ಮಾರುತ್ತಿದ್ದರು. ಒಂದು ಸಲಕ್ಕೆ ಒಂದೇ ಗಾಡಿ ಹೋಗಬೇಕು ಎಂಬ ಹಳೆಯ ಫಲಕವನ್ನು, ಅದು ಸರ್ಕಾರದ್ದು ಎಂಬ ಕಾರಣಕ್ಕೆ, ಗಸ್ ಕಿತ್ತು ಹಳ್ಳಕ್ಕೆ ಎಸೆದಿದ್ದ. ಮೇಷ್ಟ್ರು ದಡದಿಂದ ಬಗ್ಗಿ ಫಲಕ ಎಲ್ಲಿ ಬಿತ್ತೆಂದು ಹುಡುಕಿದರು. ಸೇತುವೆ ಉಳಿದರೆ ಸಾಕು, ಫಲಕ ಆಮೇಲೆ ಹಾಕಿಸಿದರಾಯಿತು ಎಂದು ಸಮಾಧಾನ ಮಾಡಿಕೊಂಡರು.

ಸಭೆ ಅಗ್ನಿಶಾಮಕ ದಳದ ಶೆಡ್ಡಿನಲ್ಲಿ. ಈಜುಕೊಳ ಮುಚ್ಚಿದ ದಿನ ನಾಲ್ಕು ಜನ ಬಂದಿದ್ದ ಸಭೆಗೆ ಇವತ್ತು ನಿಲ್ಲಲು ಜಾಗವಿರಲಿಲ್ಲ. ಮೇಷ್ಟ್ರು ಎದ್ದು ನಿಂತು ಸೇತುವೆಗೆ ಬಾಯಿಗೆ ಬಂದಂತೆ ಬೈದರು. ಹುಳ ಹಿಡಿದಿದೆ ಎಂದರು, ತೊಲೆ ಟೊಳ್ಳಾಗಿದೆ ಎಂದರು, ಒಂದೇ ಸಲಕ್ಕೆ ಎರಡು ಗಾಡಿ ಹತ್ತಿದರೆ ಮುರಿದು ಬೀಳುತ್ತದೆ ಎಂದರು. ತಾತನ ತೊಲೆಗೆ ಹುಳ ಹಿಡಿದಿದೆ ಎನ್ನುವಾಗ ತಲೆ ತಗ್ಗಿಸಿ ನೆಲ ನೋಡಿದರು. ಜನ ಅದನ್ನು ನಾಚಿಕೆ ಎಂದುಕೊಂಡು ಇನ್ನಷ್ಟು ಕೂಗಿದರು.

ಲಾಯ್ಡ್ ಮೇಜು ಕುಟ್ಟಿ ನಿರ್ಣಯ ಓದಿದ. "ಸ್ವಾತಂತ್ರ್ಯ ಸೇತುವೆ ಗಟ್ಟಿಯಾಗಿದೆ, ಹಿಂದೆಯೂ ಗಟ್ಟಿಯಾಗಿತ್ತು, ಮುಂದೆಯೂ ಗಟ್ಟಿಯಾಗಿಯೇ ಇರುತ್ತದೆ. ಕಾಂಕ್ರೀಟ್ ಸೇತುವೆಯ ದುಡ್ಡನ್ನು ರಾಜ್ಯಕ್ಕೆ ವಾಪಸು ಕಳಿಸತಕ್ಕದ್ದು." ಒಬ್ಬರೂ ವಿರೋಧಿಸಲಿಲ್ಲ. ಮೇಷ್ಟ್ರು ಕೈಯೆತ್ತಲು ಮರೆತು ಕಣ್ಣೊರೆಸಿಕೊಳ್ಳುತ್ತಿದ್ದರು. ಗೆದ್ದಿದ್ದರು. ಡೋರಿನಳಿಗೆ ಹೋಗಿ ಹೇಳುವುದೊಂದೇ ಬಾಕಿ.

"ಇನ್ನೊಂದು ಮಾತು," ಎಂದ ಲಾಯ್ಡ್. "ಎರಡು ಗಾಡಿ ಹತ್ತಿದ್ರೆ ಬೀಳುತ್ತೆ ಅಂದ್ರಲ್ಲ ಮೇಷ್ಟ್ರು. ಬನ್ನಿ, ಈಗಲೇ ತೋರಿಸ್ತೀವಿ. ಪಿಕಪ್ ಗಾಡಿ ಇರೋರೆಲ್ಲಾ ನನ್ನ ಹಿಂದೆ ಬನ್ನಿ."

ಆ ಊರಿನಲ್ಲಿ ಪಿಕಪ್ ಇಲ್ಲದವರು ಮೇಷ್ಟ್ರೊಬ್ಬರೇ. ಅವರು ಓಡಿಹೋಗಿ, ಇನ್ನೂ ಬೆಳಕಿದ್ದ ರಸ್ತೆಯಲ್ಲಿ ಸೇತುವೆಯ ಬಾಯಿಗೆ ಅಡ್ಡಲಾಗಿ ಕೈ ಚಾಚಿ ನಿಂತರು. "ಲಾಯ್ಡ್, ಬೇಡಪ್ಪಾ. ನಾನು ಹೇಳಿದ್ದು ಸುಳ್ಳು. ಇಂಜಿನಿಯರೂ ಇಲ್ಲ, ಮಣ್ಣೂ ಇಲ್ಲ. ಸೇತುವೆ ಗಟ್ಟಿ ಇದೆ, ಆದ್ರೆ ಒಂದೊಂದೇ ಗಾಡಿ ಹೋಗ್ಬೇಕು. ಎಲ್ಲಾ ಒಟ್ಟಿಗೆ ಹೋಗಬೇಡಿ."

"ಕೇಳಿದ್ರಾ?" ಲಾಯ್ಡ್ ಕಿಟಕಿಯಿಂದ ತಲೆ ಹಾಕಿ ಹಿಂದಿನವರಿಗೆ ಕೂಗಿದ. "ಒಟ್ಟಿಗೆ ಹೋಗಬಾರದಂತೆ." ಹಿಂದಿನಿಂದ ಸಾಲಾಗಿ ಹಾರ್ನುಗಳು ಮೊಳಗಿದವು. ಗಾಡಿಗಳು ಒಂದಕ್ಕೊಂದು ಮೂತಿ ತಾಗುವಷ್ಟು ಹತ್ತಿರ ಸರಿದವು.

ಮೇಷ್ಟ್ರಿಗೆ ಬೆಳಗಿನ ಉಪಾಯ ನೆನಪಾಯಿತು. ಬೆವರೊರೆಸಿಕೊಂಡು, ಇದ್ದ ಶಕ್ತಿಯನ್ನೆಲ್ಲ ಹಾಕಿ ಕೂಗಿದರು: "ಸರಿ, ಹಾಗಾದ್ರೆ ಹೋಗಿ. ಎಲ್ಲಾ ಒಟ್ಟಿಗೇ ಹೋಗಿ. ನಾನೇ ಹೇಳ್ತಾ ಇದೀನಿ, ಹೋಗಲೇಬೇಕು."

ಲಾಯ್ಡನ ಮುಖ ಅರಳಿತು. "ಕೊನೆಗೂ ಮೇಷ್ಟ್ರಿಗೆ ಬುದ್ಧಿ ಬಂತು ನೋಡ್ರಪ್ಪಾ," ಎಂದು ಗೇರು ಹಾಕಿದ. ಮೇಷ್ಟ್ರು ಪಕ್ಕಕ್ಕೆ ಹಾರಿಕೊಂಡರು.

ಸೇತುವೆ ಒಮ್ಮೆಲೇ ಬೀಳಲಿಲ್ಲ. ಮುದುಕಿ ಕುರ್ಚಿಯಲ್ಲಿ ಕೂರುವ ಹಾಗೆ ನರಳುತ್ತ, ಹುಷಾರಾಗಿ, ನಿಧಾನಕ್ಕೆ ಕೆಳಗಿಳಿಯಿತು. ಎಲ್ಲರಿಗೂ ಬಾಗಿಲು ತೆಗೆದು ಹಾರಿಕೊಳ್ಳುವಷ್ಟು ಪುರಸೊತ್ತು ಸಿಕ್ಕಿತು. ಒಬ್ಬರಿಗೂ ಒಂದು ಗೀರೂ ಆಗಲಿಲ್ಲ. ಕೊನೆಗೆ ಚಾವಣಿ ಹಳ್ಳದ ಮೇಲೆ ಕೌಚಿದ ದೋಣಿಯಂತೆ ಕೂತಿತು. ನಾಲ್ಕು ಪಿಕಪ್ಪುಗಳು ಮೂತಿಯವರೆಗೆ ನೀರಿನಲ್ಲಿದ್ದವು. ಲಾಯ್ಡ್ ಸೊಂಟದವರೆಗಿನ ನೀರಿನಲ್ಲಿ ಬಾವುಟ ಹಿಡಿದು ನಿಂತಿದ್ದ.

ಮೇಷ್ಟ್ರು ದಡದಲ್ಲಿ ಕುಸಿದು ಕೂತು ಮಗುವಿನಂತೆ ಅತ್ತರು.

"ಯಾಕ್ರೀ ಅಳ್ತೀರಾ?" ಎಂದ ಗಸ್, ಬೂಟಿನಿಂದ ನೀರು ಬಸಿಯುತ್ತ. "ಏನಾಯ್ತೀಗ?"

"ಸೇತುವೆ ಬಿತ್ತಲ್ಲಯ್ಯಾ."

ಗಸ್ ಹಳ್ಳದ ಕಡೆ ನೋಡಿದ. ಹಳ್ಳದಲ್ಲಿದ್ದ ಲಾಯ್ಡನ ಕಡೆ ನೋಡಿದ. "ಅದು ನಿಮ್ಮ ಅಭಿಪ್ರಾಯ," ಎಂದ.

"ಸ್ವಲ್ಪ ಕೂತಿದೆ, ಅಷ್ಟೇ," ಎಂದಳು ಮಾರ್ಲೀನ್. "ಅಷ್ಟು ವಯಸ್ಸಾದ ಮೇಲೆ ಯಾರಾದ್ರೂ ಕೂರ್ತಾರೆ."

"ಲಾಯ್ಡ್, ನೀನಾದ್ರೂ ಹೇಳೋ," ಮೇಷ್ಟ್ರು ಅಂಗಲಾಚಿದರು. "ಹೋಗಲಿ, ಆ ಕಾಂಕ್ರೀಟಿನ ದುಡ್ಡನ್ನಾದ್ರೂ ಇಟ್ಕೊಳ್ಳಿ. ಆ ಕಡೆ ಮನೆಗಳಿವೆ. ನಿನ್ನ ಮನೆಯೂ ಇದೆ."

"ಗಟ್ಟಿ ಸೇತುವೆ ಇರುವಾಗ ಇನ್ನೊಂದು ಯಾಕೆ ಮೇಷ್ಟ್ರೇ? ನಿರ್ಣಯ ಆಗಿದೆ. ಹೀಗೆ ದುಡ್ಡು ಪೋಲು ಮಾಡ್ತೀರಿ ಅಂತಲೇ ಜನ ನಿಮ್ಮ ಲಿಬರಲ್ಲುಗಳನ್ನ ನಂಬಲ್ಲ."

ಜನ ಒಬ್ಬೊಬ್ಬರಾಗಿ ಚದುರಿದರು. ಆಚೆ ದಡದವರು ಪ್ಯಾಂಟು ಮಡಚಿ, ಬೂಟು ತಲೆಯ ಮೇಲಿಟ್ಟುಕೊಂಡು ನೀರಿಗಿಳಿದರು. ನಡುನೀರಿನಲ್ಲಿ ಒಬ್ಬ ಇನ್ನೊಬ್ಬನಿಗೆ, ಈಗಿನ ಕಾಲದಲ್ಲಿ ಇಂಥ ಗಟ್ಟಿ ಕೆಲಸ ಯಾರು ಮಾಡ್ತಾರೆ ಹೇಳು, ಎನ್ನುತ್ತಿದ್ದ. ಮೇಷ್ಟ್ರೂ ಬೂಟು ಕಳಚಿದರು. ಈಜು ಬಾರದು, ಮೊಣಕಾಲು ನೋವು ಬೇರೆ. ಎರಡು ಹೆಜ್ಜೆಗೇ ಜಾರಿದರು.

ಲಾಯ್ಡ್ ಕೈ ಚಾಚಿದ. ಮೇಷ್ಟ್ರು ಹಿಡಿಯಲು ಹೋದಾಗ ಸ್ವಲ್ಪ ಹಿಂದಕ್ಕೆಳೆದುಕೊಂಡ. "ದಾಟಿಸ್ತೀನಿ ಮೇಷ್ಟ್ರೇ. ನೀವು ನನ್ನ ಗುರುಗಳು. ಸೇತುವೆ ಗಟ್ಟಿ ಇದೆ ಅಂತ ಒಂದು ಮಾತು ಹೇಳಿಬಿಡಿ, ಸಾಕು."

ಮೇಷ್ಟ್ರು ಸುತ್ತ ನೋಡಿದರು. ತಾತನ ತೊಲೆ ಪಕ್ಕದಲ್ಲೇ ತೇಲಿಕೊಂಡು ಹೋಗುತ್ತಿತ್ತು. ನೀರು ಎದೆಗೆ ಬಂದಿತ್ತು.

"ಗಟ್ಟಿ ಇದೆ ಕಣಪ್ಪಾ," ಎಂದರು.

"ಹಾಗೆ ಬನ್ನಿ ದಾರಿಗೆ." ಲಾಯ್ಡ್ ಅವರ ರಟ್ಟೆಯನ್ನು ಭದ್ರವಾಗಿ ಹಿಡಿದು ನಡೆಸಿದ. "ನಿಧಾನ ಮೇಷ್ಟ್ರೇ, ಇಲ್ಲಿ ಹಲಗೆ ಒಂಚೂರು ಜಾರುತ್ತೆ."

ಆಚೆ ದಡದಲ್ಲಿ ಡೋರಿನ್ ಟವೆಲು ಹಿಡಿದು ಕಾಯುತ್ತಿದ್ದಳು. ಗಂಡನ ತಲೆಯಿಂದ ಪಾಚಿ ತೆಗೆಯುತ್ತ, "ಏನಾಯ್ತು ಮೀಟಿಂಗು?" ಎಂದಳು.

ಮೇಷ್ಟ್ರು ಲಾಯ್ಡನ ಮುಖ ನೋಡಿದರು. ನಾಳೆ ಹಾಲು ತರಲು ಮತ್ತೆ ಊರಿಗೆ ಹೋಗಬೇಕಿತ್ತು.

"ಗೆದ್ದೆವು," ಎಂದರು. "ಸೇತುವೆ ಉಳೀತು."