ಹಾವಿನ ಊಟಕ್ಕೊಂದು ಚಿಮಟಾ

ಯಾವ ತೊಂದರೆ ಬಂದರೂ ಅದಕ್ಕೆ ತಕ್ಕ ಒಂದು ಸಾಮಾನು ಎಲ್ಲೋ ಇದ್ದೇ ಇರುತ್ತದೆ, ಅದನ್ನು ಹುಡುಕಿ ತಂದರೆ ಅರ್ಧ ತೊಂದರೆ ಅಂಗಡಿಯಲ್ಲೇ ಉಳಿದುಬಿಡುತ್ತದೆ ಎಂದು ನಂಬಿದವರ ಪೈಕಿ ನಾನೂ ಒಬ್ಬಳು. ಬೆಳಿಗ್ಗೆ ವಾಕಿಂಗ್ ಹೋಗಬೇಕು ಎನಿಸಿದಾಗ ಬೂಟು ಕೊಂಡೆ. ಬೂಟು ಈಗಲೂ ಹೊಸದಾಗಿದೆ. ನಿದ್ದೆ ಸರಿಯಾಗಿ ಬರದಿದ್ದಾಗ ದಿಂಬು ಬದಲಿಸಿದೆ. ಈಗ ಹೊಸ ದಿಂಬಿನ ಮೇಲೆ ತಲೆಯಿಟ್ಟು, ಹಳೆಯದೇ ವಾಸಿಯಿತ್ತೇನೋ ಎಂದು ಯೋಚಿಸುತ್ತ ಎಚ್ಚರವಾಗಿರುತ್ತೇನೆ. ಇದರಲ್ಲಿ ನನ್ನ ಉದ್ಯೋಗದ ಪಾಲೂ ಇದೆ. ಮಿಕ್ಸಿ, ನೀರಿನ ಮೋಟಾರು ಮುಂತಾದವುಗಳ ಡಬ್ಬಿಯ ತಳದಲ್ಲಿ ಒಂದು ಸಣ್ಣ ಪುಸ್ತಕ ಇರುತ್ತದಲ್ಲ, ಯಾರೂ ಓದದೆ ನೇರವಾಗಿ ರದ್ದಿಗೆ ಹಾಕುವಂಥದ್ದು, ಅದನ್ನು ಬರೆಯುವುದು ನನ್ನ ಕೆಲಸ. ‘ಉಪಕರಣವನ್ನು ಸಮತಟ್ಟಾದ ಜಾಗದಲ್ಲಿ ಇಡಿ’ ಎಂದು ಬರೆದು ಸಂಬಳ ತೆಗೆದುಕೊಳ್ಳುವವಳಿಗೆ, ಲೋಕದಲ್ಲಿ ಏನು ಕೆಟ್ಟರೂ ತಪ್ಪು ಉಪಕರಣದ್ದು, ಇಲ್ಲವೇ ಜಾಗದ್ದು ಎಂದು ತೋರುವುದು ಸಹಜ. ಬಳಸುವವರದ್ದೂ ತಪ್ಪಿರಬಹುದು ಎಂದು ನಮ್ಮ ಪುಸ್ತಕಗಳಲ್ಲಿ ಬರೆಯುವಂತಿಲ್ಲ.

ನಾನು ಹಾವು ಸಾಕಿದ್ದೇನೆ. ಇದನ್ನು ನಾಲ್ಕು ಜನರ ನಡುವೆ ಹೇಳಿಕೊಳ್ಳುವವಳಲ್ಲ. ಹೇಳಿದರೆ ಜನ ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ, ಅಲ್ಲಿಂದಲೇ ಹತ್ತು ಪ್ರಶ್ನೆ ಕೇಳುತ್ತಾರೆ, ಪ್ರಶ್ನೆ ಕೇಳುವ ಜನರೆಂದರೆ ನಾನೇ ಎರಡು ಹೆಜ್ಜೆ ಹಿಂದೆ ಸರಿಯುವವಳು. ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿ ನನ್ನ ಜೊತೆ ಇದ್ದ ಸ್ವಪ್ನಾ ಇದನ್ನು ಸಾಕಿದ್ದಳು. ಅವಳಿಗೆ ಮದುವೆಯಾಯಿತು, ಅತ್ತೆಮನೆಯವರು ಸೊಸೆಯನ್ನು ಒಪ್ಪಿದರು, ಹಾವನ್ನು ಒಪ್ಪಲಿಲ್ಲ. ಇದು ನಮ್ಮ ದೇಶದ್ದಲ್ಲ, ಅಮೆರಿಕದ ಕಡೆಯ ಕಾರ್ನ್ ಸ್ನೇಕ್ ಎಂಬ ಜಾತಿ. ವಿಷವಿಲ್ಲ, ಸರ್ಕಾರದಲ್ಲಿ ನೋಂದಣಿಯಾಗಿದೆ, ಕಾಗದಗಳೆಲ್ಲ ನನ್ನ ಹೆಸರಿಗೆ ಬಂದಿವೆ. ಕಿತ್ತಳೆ ಬಣ್ಣ, ಯಾವಾಗ ನೋಡಿದರೂ ಸುತ್ತಿಕೊಂಡು ಮಲಗಿರುತ್ತದೆ. ಸ್ವಪ್ನಾ ಅದಕ್ಕೆ ಜಿಲೇಬಿ ಎಂದು ಹೆಸರಿಟ್ಟಿದ್ದಳು. ಮಾತಿಲ್ಲ, ಸದ್ದಿಲ್ಲ, ಯಾರು ಬಂದರೂ ಎದ್ದು ಮಾತನಾಡಿಸಬೇಕೆಂಬ ಹಂಗಿಲ್ಲ. ಮೊದಲ ದಿನವೇ ನನಗೆ ಅದರ ಸ್ವಭಾವ ಹಿಡಿಸಿತು.

ಕೂಕಟ್‌ಪಲ್ಲಿಯ ನಮ್ಮ ಫ್ಲ್ಯಾಟಿನಲ್ಲಿ, ಸುತ್ತಲಿನ ತೆಲುಗು ಹಿಂದಿಗಳ ನಡುವೆ, ನಾನು ಮತ್ತು ಅವ್ವ ಇಬ್ಬರೇ. ಅಪ್ಪ ಬೀದರಿನಲ್ಲಿ ಕೆಲಸದಲ್ಲಿದ್ದಾರೆ, ಎರಡು ವಾರಕ್ಕೊಮ್ಮೆ ಬಂದಾಗ ಚಪ್ಪಲಿ ಬಿಡುವ ಮೊದಲು ಹೊರಗಿನಿಂದಲೇ, “ಅದು ಅದರ ಜಾಗದಾಗ ಐತಿಲ್ಲೋ?” ಎಂದು ಕೇಳಿ ಒಳಗೆ ಬರುತ್ತಾರೆ. ನಮ್ಮದು ಈರುಳ್ಳಿ ಬೆಳ್ಳುಳ್ಳಿಗಷ್ಟೇ ಅವಕಾಶವಿರುವ ಮನೆ. ಅಂಥಲ್ಲಿ ಇಲಿ ತಿನ್ನುವ ಜೀವವೊಂದು ಬಂದು ಸೇರಿದ್ದು ಅವ್ವನ ದೊಡ್ಡ ಮನಸ್ಸು. ಅದಕ್ಕೆ ಅವಳು ಹಾಕಿದ ಷರತ್ತುಗಳು ನಮ್ಮ ಕಂಪನಿಯ ಯಾವ ಪುಸ್ತಕಕ್ಕೂ ಕಡಿಮೆಯಿಲ್ಲ. ಇಲಿಗಳನ್ನಿಡಲು ನನ್ನ ಕೋಣೆಯಲ್ಲೇ ಬೇರೆ ಪುಟ್ಟ ಫ್ರಿಜ್ ಇರಬೇಕು. ಆ ಕೋಣೆಯ ಚಮಚವೊಂದೂ ಈಚೆ ಬರಕೂಡದು. ಮುಸ್ಸಂಜೆಯ ಮೇಲೆ ಹಾವು ಎಂಬ ಹೆಸರು ಹಿಡಿಯದೆ ‘ಹುಳ’ ಎನ್ನಬೇಕು. ಪಂಚಮಿಯಲ್ಲಿ ಮನೆಯವರೆಲ್ಲರ ಹೆಸರು ಹೇಳಿ ನಾಗಪ್ಪನಿಗೆ ಹಾಲೆರೆಯುವವಳು ಅವಳು. ಮೊದಲ ವಾರ ಬಾಗಿಲಿನಾಚೆ ನಿಂತು, “ಒಂದ್ ಚೂರು ಹಾಲರೆ ಕೊಡು,” ಎಂದಳು.

“ಹಾವು ಹಾಲು ಕುಡಿಯೂದಿಲ್ಲವ್ವ.”

“ನಮ್ಮ ಕಡೆ ಕುಡೀತಾವ.”

“ಇದು ಅಮೆರಿಕಾದ್ದು.”

“ಹಂಗಾರ ಬಿಡು,” ಎಂದು ಅವ್ವ ಹಾಲಿನ ಲೋಟ ಹಿಡಿದುಕೊಂಡು ಹೋದಳು. ಹೊರದೇಶದವರ ಊಟದ ಪದ್ಧತಿಯ ಬಗ್ಗೆ ಅವಳಿಗೆ ಮೊದಲಿನಿಂದಲೂ ಅನುಮಾನವಿದೆ.

ಆದರೆ ಜಿಲೇಬಿ ಹಾಲಿರಲಿ, ಇಲಿಯನ್ನೂ ಮುಟ್ಟಲಿಲ್ಲ. ಹಿಮಗಟ್ಟಿದ ಇಲಿಮರಿಯನ್ನು ಬಿಸಿನೀರಿನಲ್ಲಿಟ್ಟು ಹದಕ್ಕೆ ತಂದು ಕೊಡಬೇಕು. ಕೈಯಿಂದ ಕೊಡುವಂತಿಲ್ಲ, ಏಕೆಂದರೆ ಹಾವಿಗೆ ನಮ್ಮ ಬೆರಳೂ ಬೆಚ್ಚಗೆ, ಇಲಿಯೂ ಬೆಚ್ಚಗೆ. ಅದು ಎರಡರ ನಡುವೆ ಹೆಚ್ಚು ಯೋಚನೆ ಮಾಡುವುದಿಲ್ಲ. ಹಾಗಾಗಿ ಉದ್ದನೆಯ ಚಿಮಟಾ ಬೇಕು ಎಂದು ನಾನು ಓದಿದ ಕಡೆಯಲ್ಲೆಲ್ಲ ಇತ್ತು. ಆನ್‌ಲೈನಿನಲ್ಲಿ ಹಾವಿಗೆಂದೇ ಮಾಡಿದ, ತುದಿಗೆ ಹಲ್ಲುಗಳಿದ್ದ ಸ್ಟೀಲಿನದನ್ನು ತರಿಸಿದೆ. ಮೊದಲ ದಿನ ಜಿಲೇಬಿ ಸರಕ್ಕನೆ ಎರಗಿತು, ಗುರಿ ತಪ್ಪಿ ಬಾಯಿ ಸ್ಟೀಲಿಗೆ ತಾಗಿ ಟಕ್ ಎಂದಿತು. ಸಣ್ಣ ಸದ್ದು. ನನಗಂತೂ ನನ್ನ ಹಲ್ಲಿಗೇ ಬಡಿದಂತಾಯಿತು. ಆಮೇಲೆ ಆ ಹೊಳಪು ಕಂಡರೆ ಸಾಕು, ಅದು ತಲೆ ಹಿಂದಕ್ಕೆಳೆದುಕೊಳ್ಳುತ್ತಿತ್ತು.

ಉಪಕರಣದ ದೋಷ ಎಂದು ತೀರ್ಮಾನಿಸಿ ನಾನೊಂದು ಪಟ್ಟಿ ಮಾಡಿದೆ: ಉದ್ದ, ತುದಿಯ ಆಕಾರ, ಹೊಳಪು, ಸದ್ದು, ಒತ್ತಿದರೆ ಎಷ್ಟು ಬಿಗಿ. ಎರಡನೆಯದನ್ನು ಆಸ್ಪತ್ರೆ ಸಾಮಾನಿನ ಅಂಗಡಿಯಿಂದ ತಂದೆ, ಡಾಕ್ಟರುಗಳು ಶಸ್ತ್ರಚಿಕಿತ್ಸೆಗೆ ಬಳಸುವ ಇಕ್ಕಳ. ಹಿಡಿತ ಚೆನ್ನಾಗಿತ್ತು, ಆದರೆ ಬಿಡಿಸುವಾಗ ಕಟಕ್ ಎನ್ನುತ್ತಿತ್ತು. ಆ ಸದ್ದಿಗೆ ನಾನೇ ಬೆಚ್ಚುತ್ತಿದ್ದೆ, ನಾನು ಬೆಚ್ಚಿದ್ದಕ್ಕೆ ಜಿಲೇಬಿ ತನ್ನ ಪೆಟ್ಟಿಗೆಯಲ್ಲಿ ಅಡಗಲೆಂದು ಇಟ್ಟಿದ್ದ ಮಡಕೆಚೂರಿನ ಕೆಳಗೆ ಸೇರುತ್ತಿತ್ತು. ಮೂರನೆಯದು ನಾಂಪಲ್ಲಿಯ ಜನವರಿ ಎಕ್ಸಿಬಿಷನ್ನಿನಲ್ಲಿ ಸಿಕ್ಕ ಬಿದಿರಿನದು. ಹೊಳಪಿಲ್ಲ, ಸದ್ದಿಲ್ಲ, ನೋಡಲು ಸಭ್ಯ. ಆದರೆ ಗಿಡ್ಡ. ಸ್ವಪ್ನಾಳಿಗೆ ಫೋನ್ ಮಾಡಿ, ನೀನು ಎಷ್ಟು ಇಂಚಿನದನ್ನು ಬಳಸುತ್ತಿದ್ದೆ ಎಂದು ಕೇಳಿದೆ. “ಏದೋ ಒಕಟಿ ಲೇವೇ, ಎವರಿಕಿ ಗುರ್ತು?” ಎಂದು ತೆಲುಗಿನಲ್ಲಿ ಹೇಳಿದಳು. ಯಾವುದೋ ಒಂದು, ಯಾರಿಗೆ ನೆನಪಿದೆ ಎಂದು ಹೇಳುವವರ ಕೈಯಲ್ಲಿ ಜೀವಗಳು ಹೇಗೆ ಬದುಕುತ್ತವೋ ಎಂದುಕೊಂಡೆ. ಅವಳ ಕೈಯಲ್ಲಿ ಅದು ಎರಡು ವರ್ಷ ಚೆನ್ನಾಗಿ ತಿಂದುಕೊಂಡೇ ಇತ್ತು ಎಂಬುದು ನನಗೆ ಆಗ ಹೊಳೆಯಲಿಲ್ಲ.

ನಾಲ್ಕನೆಯದಕ್ಕೆ ಸುಲ್ತಾನ್ ಬಜಾರಿಗೆ ಹೋದೆ. ಪಾತ್ರೆ ಅಂಗಡಿಯವರೊಡನೆ ಹಿಂದಿಯಲ್ಲೇ ಶುರುಮಾಡಿದೆ. ಒಂದನ್ನು ಕೈಯಲ್ಲಿ ಹಿಡಿದು, “ಇದು ಭಾಳ ಗಿಡ್ಡ ಐತಿ,” ಎಂದು ನನ್ನಷ್ಟಕ್ಕೆ ಗೊಣಗಿದ್ದು ಅವರ ಕಿವಿಗೆ ಬಿತ್ತು. ಹಣೆಯ ಮೇಲೆ ವಿಭೂತಿಯಿದ್ದ ಹಿರಿಯರು, ಮುಖ ಅರಳಿಸಿದರು.

“ನಮ್ಮ ಕಡ್ಯಾವರೇನ್ರಿ? ಕೂಡ್ರಿ, ಕೂಡ್ರಿ. ಏನ್ ಹಿಡಿಯಾಕ ಬೇಕ್ರಿ ತಂಗಿ?”

ವಿಭೂತಿಯ ಎದುರು ಇಲಿ ಎನ್ನಲು ನಾಲಗೆ ಬರಲಿಲ್ಲ. “ಮೆತ್ತಗಿನ ವಸ್ತು ಐತ್ರಿ,” ಎಂದೆ.

“ಜಾಮೂನೇನ್ರಿ?”

ಹೌದೆಂದು ತಲೆಯಾಡಿಸಿದೆ.

“ಎಷ್ಟ್ ಮಂದಿಗೆ ಬಡಸೂದೈತ್ರಿ?”

“ಒಬ್ರಿಗೆ.”

“ಒಬ್ರಿಗೆ ಬಡಸಾಕ ಚಿಮಟಾ ಯಾಕ್ರಿ? ಕೈಲೇ ಕೊಡ್ರಿ, ಪ್ರೀತಿ ಇರತೈತಿ.”

“ಕೈಗೆ ಕಚ್ಚತಾರ್ರಿ,” ಎಂದುಬಿಟ್ಟೆ. ಸುಳ್ಳು ಹೇಳಿ ಅಭ್ಯಾಸವಿಲ್ಲದವರಿಗೆ ನಿಜ ಎಲ್ಲೆಂದರಲ್ಲಿ ಸೋರುತ್ತದೆ.

ಅವರು ಒರೆಸುತ್ತಿದ್ದ ಪಾತ್ರೆ ಕೆಳಗಿಟ್ಟರು. ನನ್ನನ್ನೊಮ್ಮೆ ನೋಡಿದರು. ದನಿ ತಗ್ಗಿಸಿ, “ಅತ್ತಿಯವರೇನ್ರಿ?” ಎಂದರು.

ನನಗೆ ಮದುವೆಯೇ ಆಗಿಲ್ಲ. ಆದರೆ ಅದನ್ನು ಹೇಳಿದರೆ ಮತ್ತೆ ಯಾರು ಕಚ್ಚುತ್ತಾರೆ ಎಂಬ ಪ್ರಶ್ನೆ ಏಳುತ್ತದೆ. ನೆಲ ನೋಡುತ್ತ ನಿಂತೆ. ಅವರು ಸ್ಟೂಲು ಹತ್ತಿ, ಮೇಲಿನ ಸಾಲಿನಿಂದ ಎಲ್ಲಕ್ಕಿಂತ ಉದ್ದನೆಯದನ್ನು ಇಳಿಸಿ ನನ್ನ ಕೈಗೆ ಕೊಟ್ಟರು. “ಇದನ್ನ ಒಯ್ರಿ. ದೂರ ನಿಂತ ಬಡಸ್ರಿ. ಎಲ್ಲಾ ಸರಿ ಹೋಗತೈತಿ, ಧೈರ್ಯ ಬಿಡಬ್ಯಾಡ್ರಿ.” ಇಲ್ಲದ ಅತ್ತೆಗಾಗಿ ನನ್ನ ಮೇಲೆ ಇಷ್ಟು ಮರುಕ ಪಟ್ಟವರು ಅವರೊಬ್ಬರೇ.

ಆ ಚಿಮಟಾದ ತುದಿ ಬಟ್ಟಲಿನಂತಿತ್ತು, ಇಲಿಮರಿ ಅದರಲ್ಲಿ ಜಾಮೂನಿನಷ್ಟೇ ನೆಮ್ಮದಿಯಾಗಿ ಕೂತಿತು. ಜಿಲೇಬಿ ಮೂಸಿತು, ನಾಲಗೆ ಹೊರಚಾಚಿತು, ಮುಖ ತಿರುಗಿಸಿತು.

ಅಷ್ಟರಲ್ಲಿ ಎಂಟು ವಾರವಾಗಿತ್ತು. ಪ್ರತಿ ಭಾನುವಾರ ತೂಕ ನೋಡಿ ಬರೆದಿಡುತ್ತಿದ್ದೆ. ಪ್ರತಿ ಸಲವೂ ಹಿಂದಿನದಕ್ಕಿಂತ ಕಡಿಮೆ. ಬೆನ್ನಿನ ಮೇಲೆ ಸಣ್ಣಗೆ ಮೂಳೆಯ ಏಣು ಮೂಡಿತ್ತು. ಪ್ರಾಣಿಗಳ ಡಾಕ್ಟರಮ್ಮ ಪರೀಕ್ಷೆ ಮಾಡಿ, ರೋಗವೇನೂ ಇಲ್ಲ, ಪೆಟ್ಟಿಗೆಯ ಶಾಖವೂ ಸರಿಯಿದೆ ಎಂದರು. ಇನ್ನೊಂದು ವಾರ ನೋಡೋಣ, ಭಾನುವಾರವೂ ತಿನ್ನದಿದ್ದರೆ ಸೋಮವಾರ ಕರೆದುಕೊಂಡು ಬನ್ನಿ, ಗಂಟಲಿಗೆ ನಳಿಗೆ ಹಾಕಿ ಉಣಿಸಬೇಕಾಗುತ್ತದೆ. ಆ ಹೆದರಿಕೆಯಲ್ಲೇ ಕೆಲವು ಹಾವುಗಳು ಜೀವ ಬಿಡುತ್ತವೆ, ಮೊದಲೇ ಹೇಳಿರುತ್ತೇನೆ ಎಂದರು. ಆ ವಾರ ನಾನು ಆಫೀಸಿನಲ್ಲಿ ರುಬ್ಬುವ ಯಂತ್ರವೊಂದರ ಪುಸ್ತಕ ಬರೆಯುತ್ತಿದ್ದೆ. ‘ಬಲವಂತವಾಗಿ ತುರುಕಬೇಡಿ’ ಎಂಬ ಸಾಲನ್ನು ಮೂರು ಸಲ ಅಳಿಸಿ ಬರೆದೆ.

ಭಾನುವಾರ ಮಧ್ಯಾಹ್ನ ಪೆಟ್ಟಿಗೆಯ ಮುಂದೆ ಮಂಡಿಯೂರಿದೆ. ನಾಲ್ಕೂ ಚಿಮಟಾಗಳನ್ನು ಟವೆಲ್ಲಿನ ಮೇಲೆ ಸಾಲಾಗಿ ಇಟ್ಟುಕೊಂಡಿದ್ದೆ. ಒಂದಾದ ಮೇಲೊಂದರಿಂದ ಇಲಿಯನ್ನೆತ್ತಿ ಜಿಲೇಬಿಯ ಮುಖದ ಮುಂದೆ ಹಿಡಿದೆ. ಅದು ಎಡಕ್ಕೆ ತಿರುಗಿದರೆ ಎಡಕ್ಕೆ, ಬಲಕ್ಕೆ ತಿರುಗಿದರೆ ಬಲಕ್ಕೆ. “ಒಂದ ಒಂದು, ನನ್ನ ಬಂಗಾರ, ಇದೊಂದ ತಿಂದುಬಿಡು,” ಎಂದು ಯಾರದೋ ದನಿಯಲ್ಲಿ ಹೇಳುತ್ತಿದ್ದೆ. ಹಿಂದೆ ಯಾರೋ ನಕ್ಕಂತಾಯಿತು. ಜಿಲೇಬಿ ಬಂದ ಮೇಲೆ ಮೊದಲ ಬಾರಿಗೆ ಅವ್ವ ನನ್ನ ಕೋಣೆಯ ಹೊಸ್ತಿಲ ಮೇಲೆ ನಿಂತಿದ್ದಳು, ಮೂಗಿಗೆ ಸೆರಗು ಹಿಡಿದು.

“ಹಿಂಗ ಮಾರಿಗೆ ತಂದು ಹಿಡದ್ರ ಯಾರ ತಿಂತಾರ?”

“ಚಿಮಟಾ ಸರಿ ಸಿಗವಲ್ದವ್ವ.”

“ಚಿಮಟಾಕ್ಕ ಏನಾಗೈತಿ? ನಿನ್ನಂಥಾದ್ದ ಬಂದು ಕುಂತೈತಿ ಮನ್ಯಾಗ, ಅಷ್ಟ.” ಅವ್ವ ಬಾಗಿಲಿಗೆ ಒರಗಿದಳು. “ನಿಮ್ಮ ಸೋದರತ್ತಿ ಲಗ್ನದಾಗ ನಿನಗ ನಾಕು ವರ್ಷ. ಮೂರು ದಿನ ಒಂದು ತುತ್ತು ಮುಟ್ಟಲಿಲ್ಲ. ಕಾಕಾ, ಆಯಿ, ಎಲ್ಲಾರೂ ತುತ್ತು ಹಿಡಕೊಂಡು ನಿನ್ನ ಹಿಂದ. ನೀ ಬಾಯಿ ಬಿಗಿ ಹಿಡದು ಕುಂತಿ. ಕಡೀಕ ನಾನ ತಾಟು ಒಯ್ದು ಉಗ್ರಾಣದಾಗ ಇಟ್ಟು, ನಿನ್ನ ಒಳಗ ಬಿಟ್ಟು, ಕದ ಮುಂದ ಮಾಡಿ ಬಂದೆ. ತಾಸಿನ ಮ್ಯಾಲ ನೋಡಿದ್ರ ತಾಟು ತೊಳದಂಗ ಆಗಿತ್ತು.”

ಇದು ನನಗೆ ನೆನಪಿಲ್ಲ. ನೆನಪಿರುವುದು ಅದರ ನಂತರದ ವರ್ಷಗಳು: ನಾನು ಉಣ್ಣುವಾಗಲೆಲ್ಲ ಎದುರಿಗೆ ಕೂತು, ಪ್ರತಿ ತುತ್ತನ್ನೂ ನೋಡುತ್ತ, ತಾಟು ಖಾಲಿಯಾಗುವ ಮೊದಲೇ ಇನ್ನೊಂದು ರೊಟ್ಟಿ ಹಾಕುವ ಅವ್ವ.

“ಅಷ್ಟು ಗೊತ್ತಿದ್ದಾಕಿ, ಆಮ್ಯಾಲ ಯಾಕ ಹಂಗ ಮಾಡಲಿಲ್ಲ? ಯಾವಾಗ್ಲೂ ಮುಂದ ಬಂದು ಕೂಡತಿದ್ದೆಲ್ಲ?”

ಅವ್ವ ಮೂಗಿನ ಮೇಲಿನ ಸೆರಗು ಇಳಿಸಿದಳು. “ತಾಟು ಖಾಲಿ ಆದ್ರ ಹೊಟ್ಟಿ ನಿಂದು ತುಂಬತೈತಿ. ಉಣ್ಣೂದು ನೋಡಿದ್ರ ನನ್ನದು ತುಂಬತೈತಿ,” ಎಂದು ಒಳಗೆ ಹೋದಳು.

ತಿರುಗಿ ಬಂದಾಗ ಕೈಯಲ್ಲಿ ಮುತ್ತುಗದ ಎಲೆಯ ದೊನ್ನೆಯಿತ್ತು, ಪೂಜೆಯ ಪ್ರಸಾದಕ್ಕೆಂದು ತಂದಿಟ್ಟುಕೊಂಡ ಕಟ್ಟಿನದು. ಹೊಸ್ತಿಲು ದಾಟದೆ, ಕೈ ಚಾಚಿ ನೆಲದ ಮೇಲಿಟ್ಟಳು. “ಊಟ ಅಂದ ಮ್ಯಾಲ ಎಲಿ ಬೇಕಲ್ಲ. ಅದರಾಗ ಇಟ್ಟು ಹೊರಗ ಬಾ. ತಾಸು ತನ ಹಣಿಕಿ ಹಾಕಬ್ಯಾಡ.”

ಇಲಿಯನ್ನು ದೊನ್ನೆಯಲ್ಲಿಟ್ಟು, ಪೆಟ್ಟಿಗೆ ಮುಚ್ಚಿ ಚಿಲಕ ಹಾಕಿ, ಕೋಣೆಯ ಬಾಗಿಲೆಳೆದುಕೊಂಡು ಬಂದೆ. ಅವ್ವ ಟಿವಿ ಆರಿಸಿದಳು. ಕುಕ್ಕರ್ ಇಡಲಿಲ್ಲ, ಸೀಟಿ ಕೂಗುತ್ತದೆಂದು. ಇಬ್ಬರೂ ನಡುಮನೆಯಲ್ಲಿ, ಆಪರೇಷನ್ ಥಿಯೇಟರಿನ ಹೊರಗೆ ಕೂತವರಂತೆ ಕೂತೆವು. ಅರ್ಧ ತಾಸಾಗುವಷ್ಟರಲ್ಲಿ ನಾನು ಮೂರು ಸಲ ಎದ್ದೆ. ಮೂರು ಸಲವೂ ಅವ್ವ ನನ್ನ ಮುಂಗೈ ಹಿಡಿದು ಕೂರಿಸಿದಳು. ನಾಲ್ಕನೆಯ ಸಲ ಅವಳೇ ಎದ್ದಳು, ನಾನು ಕೂರಿಸಿದೆ.

ತಾಸಿನ ಮೇಲೆ ಬಾಗಿಲು ತೆರೆದೆ. ದೊನ್ನೆ ಬರಿದಾಗಿತ್ತು. ಜಿಲೇಬಿ ಮೂಲೆಯಲ್ಲಿ ಸುತ್ತಿಕೊಂಡು ಮಲಗಿತ್ತು, ಹೊಟ್ಟೆಯ ನಡುವೆ ನಿಂಬೆಕಾಯಿಯಷ್ಟು ಉಬ್ಬು.

“ಉಂಡ್ಳೇನು?” ಹೊರಗಿನಿಂದ ಅವ್ವನ ದನಿ.

“ಹೂಂ.”

“ಎಲಿ ಸುದ್ದಾ?”

“ಎಲಿ ಬಿಟ್ಟೈತಿ.”

“ಶಾಣ್ಯಾಕಿ,” ಎಂದಳು ಅವ್ವ. ಅಂದಿನಿಂದ ಅದು ಅವಳ ಬಾಯಲ್ಲಿ ಹುಳವಲ್ಲ, ಅಕಿ.

ಸೋಮವಾರ ಡಾಕ್ಟರಮ್ಮನಿಗೆ ಫೋನ್ ಮಾಡಿ, ಅದು ತಿಂದಿದೆ, ನಾವು ಬರಬೇಕಾಗಿಲ್ಲ ಎಂದೆ. ಯಾವ ಚಿಮಟಾ ಕೆಲಸ ಮಾಡಿತು, ಬೇರೆಯವರಿಗೂ ಹೇಳುತ್ತೇನೆ ಎಂದು ಅವರು ಕೇಳಿದಾಗ, ಯಾವುದೋ ಒಂದು, ನೆನಪಿಲ್ಲ ಎಂದೆ.

ಇನ್ನೊಂದು ಮಾತು ಉಳಿಯಿತು. ಆ ಭಾನುವಾರ ನಮ್ಮಿಬ್ಬರ ಊಟ ತಡವಾಯಿತು. ಅವ್ವ ನನ್ನ ಮುಂದೆ ತಾಟಿಟ್ಟು, ಒಂದು ರೊಟ್ಟಿ, ಬದನೆಕಾಯಿ ಪಲ್ಯ ಬಡಿಸಿ, ಎಂದಿನಂತೆ ಎದುರಿಗೆ ಕೂರಲು ಹೋದವಳು ತಟ್ಟನೆ ನಿಂತಳು. “ಬಟ್ಟಿ ಒಣಗ್ಯಾವೇನೋ ನೋಡತೀನಿ,” ಎಂದು ಬಾಲ್ಕನಿಗೆ ಹೋದಳು. ಬಟ್ಟೆಗಳನ್ನು ಅವಳು ಬೆಳಿಗ್ಗೆಯೇ ಮಡಚಿಟ್ಟಾಗಿತ್ತು. ನಾನು ಯಾರ ಕಣ್ಣೂ ಇಲ್ಲದೆ, ಬಹಳ ವರ್ಷಗಳಿಂದ ಬಯಸಿದ್ದ ಏಕಾಂತದಲ್ಲಿ, ರೊಟ್ಟಿ ತಿಂದೆ. ರೊಟ್ಟಿ ಮುಗಿಯಿತು. ಹಸಿವು ಮುಗಿಯಲಿಲ್ಲ. ರೊಟ್ಟಿಯ ಬುಟ್ಟಿ ಕೈಗೆಟುಕುವಷ್ಟು ಹತ್ತಿರವೇ ಇತ್ತು, ಆದರೆ ನನ್ನ ಕೈ ಅತ್ತ ಹೋಗಲಿಲ್ಲ. ದಿನಾ ಬೇಡ ಬೇಡ ಎನ್ನುತ್ತ ಮೂರು ತಿನ್ನುವ ನಾನು, ಬೇಡ ಎನಿಸಿಕೊಳ್ಳಲು ಎದುರಿಗೆ ಯಾರೂ ಇಲ್ಲದೆ ಒಂದಕ್ಕೇ ನಿಂತಿದ್ದೆ. ಹಾವಿಗೂ ನನಗೂ ಸ್ವಭಾವ ಒಂದೇ ಎಂದುಕೊಂಡಿದ್ದು ಅರ್ಧ ಮಾತ್ರ ನಿಜವಾಗಿತ್ತು.

“ಅವ್ವ,” ಎಂದು ಕರೆದೆ, “ಇಲ್ಲೇ ಬಂದು ಕೂಡು.”

ಅವಳು ಬಂದು ಕೂತಳು. ತಾಟು ನೋಡಿದಳು, ನನ್ನ ಮುಖ ನೋಡಿದಳು.

“ಇನ್ನೊಂದು ಹಾಕ್ಲೇನ?”

“ಬ್ಯಾಡ,” ಎಂದೆ.

ಹಾಕಿದಳು.