ಹಿಮಕರಡಿಯ ತುಪ್ಪಳ, ತಾತನ ಕರಿ ಕಂಬಳಿ

ಹಿಮಕರಡಿ ನಮ್ಮ ಸೀಮೆಗೆ ಬಂದದ್ದಿಲ್ಲ. ಬಂದರೂ ಶಿರಾ ಬಸ್ ಸ್ಟ್ಯಾಂಡಿನಲ್ಲೇ ಬೆಂದುಹೋದೀತು. ಆದರೂ ವಿಜ್ಞಾನದ ಮೇಡಂ ಆದ ನನ್ನ ಮಾನ ವರ್ಷಕ್ಕೊಂದು ಸಲವಾದರೂ ಅದರ ಕೈಗೆ ಸಿಕ್ಕಿ ಒದ್ದಾಡುತ್ತೆ.

ಒರೆಸೋರು ಯಾರು?

ಆಗ ನಾನು ಪಾವಗಡದ ತಿರುಮಣಿ ಕಡೆ, ಸೋಲಾರ್ ಪಾರ್ಕಿನ ಪಕ್ಕದ ಶಾಲೆಯಲ್ಲಿದ್ದೆ. "ಕರಡಿಯ ಬಿಳಿ ತುಪ್ಪಳದ ಕೆಳಗೆ ಚರ್ಮ ಕಪ್ಪಗಿರುತ್ತೆ. ಕಪ್ಪು ಬಿಸಿಲನ್ನ ಹೀರಿಕೊಳ್ಳುತ್ತೆ" ಅಂದೆ. ಹುಡುಗಿಯೊಬ್ಬಳು ಎದ್ದಳು.

"ಅಂಗಾದ್ರೆ ಅದೂ ನಮ್ಮೂರ ಸೋಲಾರ್ ಇದ್ದಂಗೆ. ಧೂಳು ಒರೆಸೋರು ಯಾರು ಮಿಸ್?"

"ಯಾರೂ ಒರೆಸಲ್ಲಮ್ಮ."

"ನಮ್ಮಮ್ಮ ಸೋಲಾರ್ ಒರೆಸೋ ಕೆಲ್ಸಕ್ಕೇ ಹೋಗೋದು. ಕರಡಿ ಒರೆಸಕ್ಕೆ ಮಾತ್ರ ಕಳ್ಸಲ್ಲ, ಈಗ್ಲೇ ಹೇಳಿವ್ನಿ!"

ದಂಡವಾದ ಉಣ್ಣೆ

ಆಮೇಲೆ ಶಿರಾ ಹತ್ತಿರದ ಊರಿಗೆ ವರ್ಗವಾಯಿತು. ಅಲ್ಲಿ ಮನೆಮನೆಗೂ ಕುರಿ. "ಕರಡಿಗೆ ಎರಡು ಪದರ ತುಪ್ಪಳ. ಒಳಗಿನದು ಗಾಳಿ ಹಿಡಿದಿಟ್ಟು ಚಳಿ ತಡೆಯುತ್ತೆ, ಹೊರಗಿನದು ನೀರು ಜಾರಿಸುತ್ತೆ" ಅಂತ ಗಂಟಲು ಹರಿದುಕೊಳ್ಳುತ್ತಿದ್ದೆ. ಮೊಮ್ಮಗಳನ್ನು ಕರೆದೊಯ್ಯಲು ಬಂದ ಕುರಿ ಕಾಯೋ ತಾತ ಕಿಟಕಿಯಿಂದಲೇ ಕೇಳಿದರು.

"ವರ್ಸಕ್ಕೆ ಎಷ್ಟು ಸಲ ಉಣ್ಣೆ ಕತ್ರಿಸ್ತಾರೆ ಮೇಡಮ್ಮೋರೆ?"

"ಯಾರೂ ಕತ್ತರಿಸಲ್ಲ ತಾತ."

"ಅಯ್ಯೋ ಶಿವನೇ, ಅಷ್ಟೂ ದಂಡ! ಕತ್ರಿ ತಗಂಡು ನಾನೇ ಹೋಗ್ಲಾ?"

"ಅದು ತಿಂದುಬಿಡುತ್ತೆ ತಾತ."

ತಾತ ಕಿಟಕಿಯಿಂದ ಒಂದು ಹೆಜ್ಜೆ ಹಿಂದೆ ಸರಿದರು. "ಅಂಗಾದ್ರೆ ಉದ್ದುಕ್ಕೇ ಇರ್ಲಿ ಬುಡಿ. ಅದ್ಕೇನು, ಚೆಂದಾಗೇ ಕಾಣ್ತದೆ."

ಕಂಬಳಿ ಪರೀಕ್ಷೆ

ಈ ವರ್ಷ ನನ್ನ ಪಾಠ ನೋಡಲು ಶಿಕ್ಷಣ ಇಲಾಖೆಯ ಸಾಹೇಬರು ಬರುವವರಿದ್ದರು. ಮೆಚ್ಚಿದರೆ ನಮ್ಮ ಮಕ್ಕಳಿಗೆ ತುಮಕೂರಿನ ವಿಜ್ಞಾನ ಮೇಳ. ಮಕ್ಕಳು ಆಗಲೇ ಬಸ್ಸಿನ ಕಿಟಕಿ ಸೀಟಿಗೆ ಜಗಳ ಶುರುಮಾಡಿದ್ದರು.

ತುಪ್ಪಳ ತಾನಾಗಿ ಬಿಸಿ ಕೊಡಲ್ಲ, ಬಿಸಿ ಆಚೀಚೆ ಹೋಗದಂತೆ ತಡೆಯುತ್ತೆ ಅಷ್ಟೇ. ಇದನ್ನು ತೋರಿಸಲು ಒಂದು ಐಸ್ ಗಡ್ಡೆಯನ್ನು ತಟ್ಟೆಯಲ್ಲಿಟ್ಟೆ, ಇನ್ನೊಂದನ್ನು ಅದೇ ತಾತನ ಕರಿ ಕುರಿಯುಣ್ಣೆ ಕಂಬಳಿಯಲ್ಲಿ ಸುತ್ತಿಟ್ಟೆ. "ಕಂಬ್ಳಿ ಒಳಗಿಂದೇ ಮೊದ್ಲು ಕರಗೋದು!" ಅಂತ ಇಡೀ ತರಗತಿ ನಕ್ಕಿತು. "ನೋಡ್ತಿರಿ" ಅಂದು, ಸಾಹೇಬರನ್ನು ಎದುರುಗೊಳ್ಳಲು ಎಲ್ಲರನ್ನೂ ಗೇಟಿಗೆ ಕರೆದೊಯ್ದೆ.

ಅವರು ಬಂದದ್ದು ಒಂದು ಗಂಟೆ ತಡವಾಗಿ. ಬಿಸಿಯೂಟದ ಅಡುಗೆಯಮ್ಮ ಕೊಟ್ಟ ನಿಂಬೆ ಶರಬತ್ತು ಹೀರುತ್ತಾ ಕೂತರು. ತಟ್ಟೆಯಲ್ಲಿ ಬರೀ ನೀರು. ಜಂಬದಿಂದ ಕಂಬಳಿ ಬಿಚ್ಚಿದೆ. ಒಳಗೆ ಏನೂ ಇಲ್ಲ!

"ಕರಗೋಯ್ತು! ಕರಗೋಯ್ತು!" ಮಕ್ಕಳು ಕುಣಿದವು. ತುಮಕೂರು ತಪ್ಪಿತೆಂದು ಹೊಳೆದ ಮೇಲೆ ಒಂದೊಂದೇ ಮುಖ ಸಪ್ಪಗಾಯಿತು. ನನಗೂ ಅಳು ಬಂತು.

"ಹೋಗ್ಲಿ ಬಿಡಿ ಮೇಡಂ, ಶರಬತ್ತು ತಣ್ಣಗಿದೆ. ಈ ಬಿಸಿಲಲ್ಲಿ ಐಸ್ ಎಲ್ಲಿ ಸಿಕ್ತು?" ಅಂದರು ಸಾಹೇಬರು.

ಬಾಗಿಲಲ್ಲಿದ್ದ ಅಡುಗೆಯಮ್ಮ ಹೇಳಿದಳು: "ಆ ಕಂಬ್ಳಿ ಒಳಗೇ ಇತ್ತು ಸ್ವಾಮಿ. ತಟ್ಟೇಲಿದ್ದದ್ದು ನೀರಾಗೋಗಿತ್ತು, ಇದು ಕಲ್ಲಿದ್ದಂಗಿತ್ತು. ನಿಮ್ಗೇ ಕುಟ್ಟಿ ಹಾಕ್ಬುಟ್ಟೆ."

ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಇದಕ್ಕಿಂತ ಸಾಕ್ಷಿ ಬೇಕಾ? ನಡೀರಿ ತುಮಕೂರಿಗೆ!"

ಮಕ್ಕಳ ಕೂಗಿಗೆ ಹೆಂಚು ಹಾರೋದೊಂದು ಬಾಕಿ. ಸಾಹೇಬರು ಕೊನೇ ಗುಟುಕು ಕುಡಿದು, ನಾಲಿಗೆಯಿಂದ ಉದ್ದನೆಯ ಕಪ್ಪು ಕೂದಲೊಂದನ್ನು ಎಳೆದು, ಅಡುಗೆಯಮ್ಮನ ತಲೆಯನ್ನೇ ದಿಟ್ಟಿಸಿದರು.

ಅವಳು ಸೆರಗು ತಲೆಗೆ ಎಳೆದುಕೊಂಡು ಗಟ್ಟಿಯಾಗಿ ಅಂದಳು: "ದೇವ್ರಾಣೆಗೂ ನಂದಲ್ಲ ಸ್ವಾಮಿ, ಕುರೀದು!"