ಗೋಲ್ ಕಂಬದ ಹಿಂದೆ ಹಾಸಿದ ಕಂಬಳಿ

ಎಲ್ಲರನ್ನೂ ಸೇರಿಸಿಕೊಂಡು ಒಂದು ಕೆಲಸ ಮಾಡಲು ಹೊರಟರೆ ನಗುವಂಥದ್ದು ಏನಾದರೂ ನಡೆದೇ ನಡೆಯುತ್ತದೆ. ಆ ಕೆಲಸ ಫುಟ್‌ಬಾಲ್ ಆದರಂತೂ ಕೇಳಲೇಬೇಡಿ. ಅರವತ್ತರ ದಶಕದಲ್ಲಿ ನಾನು ತಮಿಳು ಸೀಮೆಯ ಕಂಬಂ ಕಣಿವೆಯ ಒಂದು ನೂಲಿನ ಮಿಲ್ಲಿನಲ್ಲಿ ಹಾಜರಿ ಗುಮಾಸ್ತ. ನಮ್ಮ ಮೊದಲಾಳಿಗೆ, ಅಂದರೆ ಮಿಲ್ಲಿನ ಧಣಿಗೆ, ಫುಟ್‌ಬಾಲ್ ಹುಚ್ಚು. ಆಡುವವರಿಗೆ ಮಿಲ್ಲಿನಿಂದಲೇ ಸಂಬಳ. ಜೀವಮಾನದಲ್ಲಿ ಒಂದು ಚೆಂಡನ್ನೂ ಒದೆಯದ ನನ್ನನ್ನು ಆ ತಂಡಕ್ಕೆ ಮ್ಯಾನೇಜರ್ ಮಾಡಿದರು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಎರಡರಲ್ಲೂ ಬೈಸಿಕೊಳ್ಳಲು ಬರುತ್ತಿತ್ತಲ್ಲ, ಅದೇ ನನ್ನ ಅರ್ಹತೆ.

೧. ಒಡೆಯದ ಹೆಂಚು

ಯಾರಿಗೂ ಬೇಜಾರಾಗಬಾರದೆಂದು ಮೊದಲಾಳಿ ಊರಿಗೊಬ್ಬ, ಜಾತಿಗೊಬ್ಬ ಎಂದು ಆಳು ಆರಿಸಿದರು. ಹನುಮಂತನಪಟ್ಟಿಯವನು, ಗೂಡಲೂರಿನವನು, ಬೋಡಿಮೆಟ್ಟಿನ ಏಲಕ್ಕಿ ತೋಟದವನು, ಒಬ್ಬ ಸಾಯಿಬರ ಹುಡುಗ, ಒಬ್ಬ ಕಿರಿಸ್ತಾನರವನು, ಹೆಚ್ಚು ಜನವಿದ್ದ ನಮ್ಮ ಕನ್ನಡದವರು ಮಾತ್ರ ಮೂವರು. ಸೇರಿದ ಮೇಲೆ ನೋಡಿದರೆ ಎಲ್ಲರೂ ಮುಂದೆ ನಿಂತು ಗೋಲ್ ಹೊಡೆಯುವವರೇ. ಮಣ್ಣಿನಲ್ಲಿ ಬಿದ್ದು ಗೋಲ್ ಕಾಯುವುದು ಮಾತ್ರ ಯಾವ ಜಾತಿಗೂ ಬೇಡ.

ಅದೇ ಹೊತ್ತಿಗೆ ಮಿಲ್ಲಿನ ಸೂರಿಗೆ ಹೆಂಚು ಹೊದಿಸುತ್ತಿದ್ದರು. ಕೆಳಗಿನಿಂದ ಎಸೆದ ಹೆಂಚನ್ನು ಮೇಲೆ ಒಬ್ಬ, ಬೀಡಿ ಬಾಯಲ್ಲಿಟ್ಟುಕೊಂಡೇ, ಒಂದೂ ಬಿಡದೆ ಹಿಡಿಯುತ್ತಿದ್ದ. ನಮ್ಮೂರಾಚೆಯ ಕೇರಿಯವನು. ಅವನ ಅವ್ವ ನಮ್ಮ ಗದ್ದೆಯಲ್ಲೇ ನಾಟಿ ಹಾಕುತ್ತಿದ್ದರಿಂದ ಅವನಿಗೆ ಕನ್ನಡ ನಮ್ಮ ಹುಡುಗರಿಗಿಂತ ಚೆನ್ನಾಗಿ ಬರುತ್ತಿತ್ತು. ಇಳಿಸಿ ಗೋಲ್‌ನಲ್ಲಿ ನಿಲ್ಲಿಸಿದೆ. ಹತ್ತು ಚೆಂಡು ಹಿಡಿದ ಮೇಲೆ ಒಂದನ್ನು ಬಿಟ್ಟ. ಅದು ನೆಲಕ್ಕೆ ಬಿದ್ದು ಪುಟಿಯಿತು. ಅವನು ನನ್ನನ್ನೇ ದುರುಗುಟ್ಟಿ ನೋಡಿದ.

"ಏನಣ್ಣಾ, ಬಿದ್ರೂ ಒಡೆಯಾಕಿಲ್ಲ ಅಂತ ಮೊದ್ಲೇ ಯೋಳಬಾರ್ದಾ? ಇಷ್ಟೊತ್ತು ಸುಮ್ನೆ ಭಯ ಬಿದ್ದೆ."

೨. ಎರಡೇ ಲೋಟ

ಮೊದಲಾಳಿ ಮಾತು ಖಡಾಖಂಡಿತ. ದಿಂಡಿಗಲ್ಲಿನ ಪಂದ್ಯದ ಕಪ್ ಬಂದರೆ ಗೋಲಿಗೆ, ಗೋಲ್ ಕಾಯುವ ಅವನನ್ನು ನಾವೆಲ್ಲ ಹಾಗೇ ಕರೆಯುತ್ತಿದ್ದೆವು, ಮಿಲ್ಲಿನಲ್ಲಿ ಖಾಯಂ ಕೆಲಸ, ಬರದಿದ್ದರೆ ಮತ್ತೆ ಹೆಂಚು. ಅವನ ಮನೆಯಲ್ಲಿ ಅದುವರೆಗೆ ತಿಂಗಳ ಸಂಬಳ ಕಂಡವರೇ ಇರಲಿಲ್ಲ. ಆಟ ಮುಗಿದ ಮೇಲೂ ಒಬ್ಬನೇ ಗೋಡೆಗೆ ಚೆಂಡು ಎಸೆದು ಹಿಡಿಯುತ್ತಿದ್ದ.

ಒಂದು ಸಂಜೆ ಬಸ್ ನಿಲ್ದಾಣದ ಟೀ ಅಂಗಡಿಗೆ ಹೋದೆವು. ಗೋಲಿಗೆ ಮಾತ್ರ ಹೊರಗಿನ ಗೂಟಕ್ಕೆ ನೇತುಹಾಕಿದ್ದ ತಗಡಿನ ಲೋಟ. ಸಾಯಿಬರ ಹುಡುಗ, "ನನಗೂ ಅದರಲ್ಲೇ ಕೊಡಿ" ಎಂದ. ಕಿರಿಸ್ತಾನರವನು, "ನನಗೂ" ಎಂದ. ಆಮೇಲೆ ಉಳಿದವರೆಲ್ಲರದೂ ಅದೇ ಹಟ. ತಗಡಿನ ಲೋಟ ಇದ್ದದ್ದು ಎರಡು. ಒಬ್ಬ ಕುಡಿದು ತೊಳೆದು ಇನ್ನೊಬ್ಬನಿಗೆ ಕೊಡಬೇಕು. ಸಾಲು ರಸ್ತೆಗೆ ಬಂತು.

ನಿಜ ಹೇಳುತ್ತೇನೆ, ಕೊನೆಯಲ್ಲಿ ನಿಂತಿದ್ದ ನಾನು, ನನ್ನ ಸರದಿಗೆ ಮೊದಲು ಬಸ್ಸು ಬರಲಿ ದೇವರೇ ಎಂದು ಬೇಡಿಕೊಂಡೆ. ನಾಚಿಕೆಯಾಗುತ್ತದೆ, ಆದರೂ ಬೇಡಿಕೊಂಡೆ. ಬಸ್ಸು ಬರಲಿಲ್ಲ. ಕುಡಿದೆ. ಅಷ್ಟರಲ್ಲಿ ಬೇರೆ ಗಿರಾಕಿಗಳೆಲ್ಲ ಕಾದು ಬೇಸತ್ತು ಹೊರಟುಹೋಗಿದ್ದರು. ಅಂಗಡಿಯವನು ತಲೆ ಚಚ್ಚಿಕೊಂಡು, ಆ ಎರಡೂ ಲೋಟ ಕಿತ್ತು ಚರಂಡಿಗೆ ಎಸೆದ.

"ನಾಳೆಯಿಂದ ಎಲ್ಲರಿಗೂ ಗಾಜಿನ ಲೋಟಾನೇ. ಜಾತಿ ಉಳಿಸೋಕೆ ಹೋದ್ರೆ ಅಂಗಡಿ ಉಳಿಯಾಕಿಲ್ಲ."

೩. ಚೆಂಡಿನ ವಿಚಾರಣೆ

ನಾನು ಟೀ ಕುಡಿದ ಸುದ್ದಿ ನನಗಿಂತ ಮುಂಚೆ ಮನೆ ಸೇರಿತ್ತು. ನಮ್ಮಲ್ಲಿ ನ್ಯಾಯ ಹೇಳುವವರು ಕಂಬಳಿ ಹಾಸಿ ಕೂರಬೇಕು. ಅದರ ಮೇಲೆ ಕೂತು ಆಡಿದ ಮಾತನ್ನು ಆಡಿದವನೂ ಹಿಂದಕ್ಕೆ ತಗೊಳ್ಳುವ ಹಾಗಿಲ್ಲ. ಆಗ ಯಜಮಾನರು ನಮ್ಮ ತಾತ. ಮೊಮ್ಮಗನೆಂದು ನನಗೇನೂ ರಿಯಾಯಿತಿ ಸಿಗಲಿಲ್ಲ. ಟೀ ಮಾತು ಮುಗಿದ ಮೇಲೆ ವಿಚಾರಣೆ ಚೆಂಡಿಗೆ ತಿರುಗಿತು.

"ಆ ಕೇರಿಯವನು ಮುಟ್ಟಿದ ಚೆಂಡು ನಮ್ಮ ಹೈಕಳು ಮುಟ್ತಾರಂತೆ?" ಎಂದರು ಒಬ್ಬ ಹಿರಿಯರು.

"ಮುಟ್ಟಾಕಿಲ್ಲ, ಒದೀತಾರೆ," ಎಂದೆ.

ಒದೆಯುವುದು ಮುಟ್ಟಿದಂತಲ್ಲ, ಆದ್ದರಿಂದ ಒಟ್ಟಿಗೆ ಆಡಬಹುದು. ಆದರೆ ಅವನ ಜೊತೆ ಒಂದೇ ಸಾಲಿನಲ್ಲಿ ಕೂತು ಉಂಡರೆ ನಮ್ಮ ಮೂವರು ಹುಡುಗರೂ ತಂಡ ಬಿಟ್ಟು ಮನೆಗೆ ಬರಬೇಕು ಎಂದು ತಾತನ ತೀರ್ಪಾಯಿತು. ಆ ಮೂವರು ಬಿಟ್ಟರೆ ತಂಡವಿಲ್ಲ, ತಂಡವಿಲ್ಲದಿದ್ದರೆ ಗೋಲಿಗೆ ಕೆಲಸವಿಲ್ಲ. ಸಾಲದ್ದಕ್ಕೆ ಉಸ್ತುವಾರಿಗೆ ಹಿರಿಯರ ಸಮೇತ ತಾತನೇ ದಿಂಡಿಗಲ್ಲಿಗೆ ಹೊರಟರು. ಮೂಲೆಯಲ್ಲಿದ್ದ ಅಜ್ಜಿ ಒಂದೇ ಮಾತು ಕೇಳಿದರು.

"ಅವನ ಅವ್ವ ನೆಟ್ಟ ಬತ್ತಾನ ನೀವು ಒದ್ದುಕೊಂಡು ಉಣ್ತೀರಾ?"

೪. ಕಂಬಳಿ ಮಾತು

ದಿಂಡಿಗಲ್ ಬಂಡೆಯ ಕೋಟೆ ಕಾಣುವ ಮೈದಾನ. ಹೊರಗಡೆ ಹೋದರೆ ಹಿರಿಯರು ಬರಿನೆಲದ ಮೇಲೆ ಕೂರುವುದಿಲ್ಲ. ಕಂಬಳಿ ಜೊತೆಗೇ ಬಂದಿತ್ತು. ಒಳ್ಳೆ ಜಾಗ ಎಂದು ಅದನ್ನು ನಮ್ಮ ಗೋಲ್ ಕಂಬದ ಹಿಂದೆಯೇ ಹಾಸಿ ಕೂತರು. ಮೊದಲರ್ಧದಲ್ಲಿ ತಾತನಿಗೆ ಏನೂ ತಿಳಿಯಲಿಲ್ಲ. ಎರಡನೆಯ ಅರ್ಧದಲ್ಲಿ ತಂಡಗಳು ಕಡೆ ಬದಲಾಯಿಸಿದಾಗ ತಾವೂ ಕಂಬಳಿ ಎಳೆಸಿಕೊಂಡು ಗೋಲಿಯ ಬೆನ್ನ ಹಿಂದೆಯೇ ಬಂದರು.

ನಾವು ಒಂದು ಗೋಲ್ ಮುಂದಿದ್ದೆವು. ಇನ್ನೇನು ಮುಗಿಯಬೇಕು, ಎದುರಾಳಿಗಳಿಗೆ ಪೆನಾಲ್ಟಿ ಸಿಕ್ಕಿತು. ನನಗೆ ಆಟ ಕಾಣಲಿಲ್ಲ, ಅವನ ಅವ್ವನ ಮುಖ ಕಣ್ಣ ಮುಂದೆ ಬಂತು. ಗೋಲಿ ಒಂದು ಪಕ್ಕಕ್ಕೆ ಹಾರಿ ಚೆಂಡನ್ನು ಕಂಬದ ಆಚೆ ತಳ್ಳಿದ. ಅದು ಹೋಗಿ ತಾತನ ಮಡಿಲಲ್ಲಿ ಬಿತ್ತು. ಸೀಟಿ ಊದಿದರು. ಕಪ್ ನಮ್ಮದು.

ಗೋಲಿ ಚೆಂಡು ಕೇಳಲು ಓಡಿಬಂದವನು ಕಂಬಳಿಯ ಅಂಚಿಗೆ ಗಕ್ಕನೆ ನಿಂತ. ಕಾಲು ಸೋಕಬಾರದೆಂದು ದೂರದಿಂದಲೇ ಕೈ ಚಾಚಿದ. ತಾತ ಎರಡೂ ಕೈಯಲ್ಲಿ ಅವನ ಕೈ ಹಿಡಿದು ಎಳೆದರು.

"ಬಾ ಇಲ್ಲಿ. ಇವರೆಲ್ಲ ಯಾವ ಲೆಕ್ಕ, ನೀನು ಕಣ್ಲಾ ನನ್ನ ಮೊಮ್ಮಗ."

ಪಕ್ಕದ ಹಿರಿಯರು ಮೆಲ್ಲಗೆ ಕೆಮ್ಮಿದರು. "ಯಜಮಾನ್ರೇ, ಕಂಬಳಿ ಮೇಲೆ ಕೂತಿದ್ದೀರಿ."

ತಾತ ಬಗ್ಗಿ ಕೆಳಗೆ ನೋಡಿದರು. ಕಂಬಳಿಯೇ. ಗಡ್ಡ ಕೆರೆದುಕೊಂಡು, "ಆಡಿದ್ದಾಯ್ತು. ಮೊಮ್ಮಗನಿಗೆ ಬೇರೆ ಸಾಲು ಯಾಕೆ, ಎಲೆ ಹಾಕ್ರಿ" ಎಂದರು. ಹನ್ನೊಂದು ಜನ, ಹಿರಿಯರು, ನಾನು, ಎಲ್ಲ ಒಂದೇ ಸಾಲಿನಲ್ಲಿ ಕೂತೆವು. ಗೋಲಿ ಕಂಬಳಿ ಮೇಲೆ, ತಾತನ ಪಕ್ಕದಲ್ಲಿ. ಖುಷಿಗೆ ನನಗೆ ಊಟವೇ ಮರೆತುಹೋಯಿತು.

ಗೋಲಿ ಮಾತ್ರ ಮರೆಯಲಿಲ್ಲ. ಎರಡನೆಯ ಸಲ ಸಾರು ಬಡಿಸಿಕೊಂಡು, ತೀರಾ ವಿನಯದಿಂದ ಕೇಳಿದ.

"ತಾತಾ, ಮೊಮ್ಮಗ ಅಂದ್ಮೇಲೆ ಗದ್ದೇಲೂ ಒಂದು ಪಾಲು ಬರ್ತದಲ್ವಾ?"

ತಾತ ಎಂಜಲು ಕೈಯಲ್ಲೇ ದಡಕ್ಕನೆ ಎದ್ದರು. ನನ್ನ ಕಡೆ ತಿರುಗಿ, "ಲೇ, ಮೊದ್ಲು ಈ ಕಂಬಳಿ ಸುತ್ತಿ ಮಡಗು," ಎಂದರು, "ಆಮೇಲೆ ಜವಾಬು ಯೋಳ್ತೀನಿ."